ಹಿಂದಿನ ಸೀಟಿಲ್ಲದ ಕಾರು

ನಮ್ಮ ದೊಡ್ಡಪ್ಪ ಜಪಾನಿನಿಂದ ಸ್ಪೋರ್ಟ್ಸ್ ಕಾರು ತರಿಸುತ್ತಾರಂತೆ ಅನ್ನುವ ವಿಷಯ ನನಗೆ ಗೊತ್ತಾದದ್ದು ಒಂದು ಮಂಗಳವಾರ ಸಂಜೆ. ಕಡೂರಿನ ಕಾಲೇಜಿನಿಂದ ಬಂದು ಇನ್ನೂ ಬ್ಯಾಗು ಕೆಳಗಿಟ್ಟಿರಲಿಲ್ಲ, ದೊಡ್ಡಪ್ಪ ಫೋನು ಮುಂದೆ ಹಿಡಿದು, "ಸ್ಫೂರ್ತಿ, ಇದನ್ನ ಓದವ್ವ. ಇಂಗ್ಲಿಷ್‌ನಾಗೆ ಏನೇನೋ ಬರ್ದವ್ರೆ," ಅಂದರು.

ನೋಡಿದರೆ ಕೆಂಪು ಕಾರು! ಮೂಗನ್ನು ನೆಲಕ್ಕೆ ತಾಗಿಸಿಕೊಂಡು, ಈಗ ಹಾರುತ್ತೀನಿ ಅನ್ನುವ ಹಾಗೆ ಕೂತಿತ್ತು. ನನಗೆ ಕಿರುಚುವಷ್ಟು ಖುಷಿ. ಎಂಜಿನ್ ಎಂಥದ್ದು, ಎಷ್ಟು ಸೆಕೆಂಡಿಗೆ ನೂರರ ವೇಗ ಮುಟ್ಟುತ್ತೆ, ಬಟನ್ ಒತ್ತಿದರೆ ಮೇಲಿನ ಟಾಪು ಹೇಗೆ ಮಡಚಿಕೊಳ್ಳುತ್ತೆ, ಎಲ್ಲವನ್ನೂ ಒಂದೇ ಉಸಿರಿಗೆ ಓದಿ ಹೇಳಿದೆ. ದೊಡ್ಡಪ್ಪ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಸೀಟು ಎಷ್ಟು?"

"ಎರಡು."

"ಹಿಂದೆ?"

"ಹಿಂದೆ ಸೀಟೇ ಇಲ್ಲ ದೊಡ್ಡಪ್ಪ."

"ಡಿಕ್ಕಿನಾಗೆ ಯಾರಾದ್ರೂ ಮುದುರ್ಕೊಂಡು ಕೂರ್ಬೋದಾ?"

"ಒಂದು ಬ್ಯಾಗ್ ಹಿಡಿಸಿದ್ರೆ ಹೆಚ್ಚು."

ದೊಡ್ಡಪ್ಪ ಬಿಸಿನೀರಿನ ಸ್ನಾನ ಮಾಡಿ ಬಂದವರ ಹಾಗೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. "ಅಷ್ಟೇ ಸಾಕು ಕಣವ್ವ," ಅಂದರು.

ಪಂಚನಹಳ್ಳಿಯಲ್ಲಿ ತೆಂಗಿನ ತೋಟದ ನಂಜುಂಡಪ್ಪ ಅಂದರೆ ಎಲ್ಲರಿಗೂ ಗೊತ್ತು, ತೋಟದಿಂದಲ್ಲ, ಓಮ್ನಿಯಿಂದ. ಹತ್ತೊಂಬತ್ತು ವರ್ಷದ ಬಿಳಿ ಓಮ್ನಿ ಅದು. ಅದು ದೊಡ್ಡಪ್ಪನದು ಅಂತ ಆರ್‌ಸಿ ಪುಸ್ತಕದಲ್ಲಿ ಮಾತ್ರ ಇದೆ, ಊರಿನಲ್ಲಿ ಯಾರ ತಲೆಯಲ್ಲೂ ಇಲ್ಲ. ಸ್ಟಾರ್ಟ್ ಆದ ಸದ್ದು ಕೇಳಿದರೆ ಸಾಕು, ಯಾರಾದರೂ ಸೆರಗು ಸರಿ ಮಾಡಿಕೊಂಡು ರಸ್ತೆಗೆ ಬಂದು ನಿಲ್ಲುತ್ತಾರೆ. "ನಂಜುಂಡಪ್ಪ, ಹೆಂಗೂ ಹೋಗ್ತಿದೀಯಲ್ಲ..." ಅನ್ನುತ್ತಾರೆ. ಇಷ್ಟು ಹೇಳುವ ಹೊತ್ತಿಗೆ ಒಂದು ಕಾಲು ಒಳಗೆ ಇಟ್ಟಾಗಿರುತ್ತೆ.

ಹಾಗೆ ಅವರು ಹೆರಿಗೆಗೆ ಬಂದವರನ್ನು ಕಡೂರಿಗೆ ಒಯ್ದಿದ್ದಾರೆ. ಹೆಣ್ಣು ನೋಡುವವರನ್ನು ತರೀಕೆರೆಗೆ ಕರೆದುಕೊಂಡು ಹೋಗಿ, ಹೆಣ್ಣು ಒಪ್ಪಿಗೆಯಾಗದೆ ಮುಖ ಊದಿಸಿಕೊಂಡವರನ್ನು ಅದೇ ಓಮ್ನಿಯಲ್ಲಿ ವಾಪಸ್ ತಂದಿದ್ದಾರೆ. ಅಜ್ಜಂಪುರದ ಸಂಬಂಧಿಕರ ಮನೆಗೆ ಯಾರದೋ ಹೋತವನ್ನು ಮುಟ್ಟಿಸಿ, ಆಮೇಲೆ ಎರಡು ತಿಂಗಳು ಕಿಟಕಿ ತೆಗೆದೇ ಓಡಿಸಿದ್ದಾರೆ. ಕ್ಲಚ್ ತುಳಿದು ತುಳಿದು ಎಡಗಾಲಿನ ಮಂಡಿ ಊದಿದೆ. ಈಗೀಗಂತೂ ದೊಡ್ಡಪ್ಪ ಮಂಚದ ಮೇಲೆ ಮಲಗಿದ್ದರೂ ಊರಿನವರು ಬಿಡುವುದಿಲ್ಲ. "ನಾಳೆ ಹೆಂಗೂ ಹೋಗ್ತೀಯಲ್ಲ" ಅನ್ನುತ್ತಾರೆ. ಎಲ್ಲಿಗೆ ಅಂತ ದೊಡ್ಡಪ್ಪನಿಗೇ ಗೊತ್ತಿರುವುದಿಲ್ಲ.

"ಆಗಲ್ಲ ಅಂದ್ಬಿಡು ದೊಡ್ಡಪ್ಪ," ಅಂತ ನಾನು ಎಷ್ಟೋ ಸಲ ಹೇಳಿದ್ದೆ.

"ಬಾಯಿಗೇ ಬರಲ್ಲ ಕಣವ್ವ," ಅಂದರು ಅವತ್ತು. "ಅದಕ್ಕೇ, ನಾನು ಹೇಳೋದು ಬ್ಯಾಡ, ಕಾರೇ ಹೇಳ್ಲಿ ಅಂತ."

ರಸ್ತೆ ಬದಿಯ ಒಂದು ತುಂಡು ಜಮೀನು ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು. ತೆರಿಗೆ ಸೇರಿಸಿದರೆ ಒಂದು ಕಾರಿಗೆ ಎರಡು ಕಾರಿನ ದುಡ್ಡಾಗುತ್ತದೆ ಅಂತ ಬೆಂಗಳೂರಿನ ಏಜೆಂಟ್ ಮೊದಲೇ ಹೇಳಿದ್ದ. ಶನಿವಾರ ಸಂಜೆ ಆರಕ್ಕೆ ಫೋನ್ ಮಾಡುತ್ತೀನಿ, ಹೂಂ ಅಥವಾ ಉಹೂಂ ಹೇಳಿಬಿಡಿ, ಇನ್ನೊಬ್ಬರು ಕಾಯ್ತಿದ್ದಾರೆ ಅಂದಿದ್ದ. ಉಳಿದಿದ್ದ ಅನುಮಾನ ಒಂದೇ, ಆ ಕಾರು ನಮ್ಮ ರಸ್ತೆಗೆ ಆಗುತ್ತದೋ ಇಲ್ಲವೋ. ನೆಲದಿಂದ ಕಾರಿನ ಹೊಟ್ಟೆಗೆ ಎಷ್ಟು ಎತ್ತರ ಅಂತ ನಾನು ಏಜೆಂಟನಿಗೆ ಇಂಗ್ಲಿಷಿನಲ್ಲಿ ಉದ್ದ ಮೆಸೇಜು ಬರೆದೆ. ನೂರ ಇಪ್ಪತ್ತು ಮಿಲಿಮೀಟರ್ ಅಂತ ಉತ್ತರ ಬಂತು.

"ಮಿಲಿಮೀಟ್ರು ಪಲಿಮೀಟ್ರು ನಂಗೊತ್ತಾಗಲ್ಲ," ಅಂದ ದೊಡ್ಡಪ್ಪ ತೆಂಗಿನಕಾಯಿ ರಾಶಿಯ ಹತ್ತಿರ ಹೋಗಿ ನನ್ನ ಸ್ಕೇಲಿನಿಂದ ಒಂದೊಂದೇ ಸುಲಿದ ಕಾಯಿ ಅಳೆದು, ಸರಿಯಾಗಿ ಅಷ್ಟೇ ಎತ್ತರದ ದಪ್ಪ ಕಾಯಿಯೊಂದನ್ನು ಆರಿಸಿದರು. ರಸ್ತೆಯ ಯಾವ ಹಂಪು ಕಾಯಿಗಿಂತ ಎತ್ತರವೋ ಅಲ್ಲಿ ಕಾರು ತಗಲಿಕೊಳ್ಳುತ್ತದೆ. ಇದಕ್ಕಿಂತ ಸುಲಭದ ಲೆಕ್ಕ ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿಲ್ಲ!

ಶನಿವಾರ ಬೆಳಿಗ್ಗೆ ಕಾಯಿ ಹಿಡಿದುಕೊಂಡು ಹೊರಟೆವು. ಮೊದಲನೇ ಹಂಪಿನಲ್ಲಿ ಕಾಯಿ ಎತ್ತರ. ಎರಡನೆಯದರಲ್ಲೂ ಕಾಯಿಯೇ ಎತ್ತರ. ದೊಡ್ಡಪ್ಪನ ನಡಿಗೆ ಚುರುಕಾಯಿತು. ಮೂರನೆಯದು ಹುಲಿಯಮ್ಮನ ಮನೆ ಮುಂದಿನ ಹಂಪು. ಅವರ ಕರುವಿಗೆ ಯಾರೋ ಬೈಕು ತಾಗಿಸಿದ ಮೇಲೆ ಅವರೇ ನಿಂತು ಹಾಕಿಸಿದ್ದು. ದೊಡ್ಡಪ್ಪ ಮಂಡಿ ಹಿಡಿದುಕೊಂಡು ಬಗ್ಗಿ, ಪಕ್ಕದಲ್ಲಿ ಕಾಯಿ ಇಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಅಷ್ಟರಲ್ಲಿ ಹುಲಿಯಮ್ಮ ಪೊರಕೆ ಸಮೇತ ಹೊರಗೆ ಬಂದರು.

"ಏನಪ್ಪಾ ನಂಜುಂಡ, ನಮ್ಮನೆ ಬಾಗ್ಲಿಗೆ ಕಾಯಿ ಇಕ್ತಿದೀಯಾ? ಮಾಟಗೀಟ ಮಾಡ್ಸಿದೀಯೋ ಹೆಂಗೆ?"

"ಅಯ್ಯೋ ಇಲ್ಲ ಕಣಕ್ಕ, ಎತ್ತರ ನೋಡ್ತಿದೀನಿ."

"ರೋಡ್ ಅಗಲ ಮಾಡೋ ಸರ್ವೇನಾ? ನನ್ನ ಜಗಲಿ ಮುಟ್ಟಿದ್ರೆ ನೋಡು ಮತ್ತೆ!"

ಜಗಳ ಬೇಡ ಅಂತ ನಾನೇ ಬಾಯಿ ಬಿಟ್ಟೆ. ಜಪಾನಿನ ಕಾರು, ಕೆಂಪು, ಮೇಲಿನ ಟಾಪು ಮಡಚುತ್ತೆ, ಎರಡೇ ಸೀಟು ಅಂತ ಎಲ್ಲ ಹೇಳಿಬಿಟ್ಟೆ. ಎರಡೇ ಸೀಟು ಅನ್ನುವುದನ್ನು ಎರಡು ಸಲ ಹೇಳಿದೆ.

ಹುಲಿಯಮ್ಮ ಪೊರಕೆ ಕೆಳಗಿಟ್ಟು ಯೋಚನೆ ಮಾಡಿದರು. "ಒಂದು ನಿಂದು. ಇನ್ನೊಂದೈತಲ್ಲ," ಅಂದರು. "ಸೋಮವಾರ ಕಡೂರಿಗೆ ನಂಗೆ ಕಣ್ಣಾಸ್ಪತ್ರೆ ಐತೆ. ಮೊದ್ಲೇ ಹೇಳಿದೀನಿ, ಬ್ಯಾರೆಯೋರ್ಗೆ ಕೊಡ್ಬೇಡ."

ಸುದ್ದಿ ನಮಗಿಂತ ಮುಂಚೆ ಬಸ್ ಸ್ಟ್ಯಾಂಡ್ ಮುಟ್ಟಿತ್ತು. ಟೀ ಅಂಗಡಿಯ ಕಾಂತರಾಜ್ ನಮ್ಮನ್ನು ನೋಡಿದವನೇ, "ನಂಜುಂಡಪ್ನೋರೇ, ಮಂಗಳವಾರ ನಂದು. ಬುಧವಾರ ನಮ್ಮತ್ತೆ ಅಜ್ಜಂಪುರಕ್ಕೆ ಹೋಗ್ಬೇಕು. ಪಾಪ ಒಬ್ರೇ, ಜಾಸ್ತಿ ಜಾಗ ಬೇಕಾಗಲ್ಲ," ಅಂದ.

"ಇಬ್ರೂ ಒಂದೇ ದಿನ ಹೋದ್ರಾಗಲ್ವೇನೋ?" ಅಂದರು ದೊಡ್ಡಪ್ಪ ಸೋತ ದನಿಯಲ್ಲಿ.

"ಹೆಂಗಾಗುತ್ತೆ? ಒಂದೇ ಸೀಟಲ್ವಾ? ಒಬ್ಬೊಬ್ರನ್ನೇ ಬಿಟ್ಟು ಬರ್ಬೇಕು."

ದೊಡ್ಡಪ್ಪ ಟೀ ಕುಡಿಯಲಿಲ್ಲ. ಓಮ್ನಿಯಲ್ಲಿ ಎಂಟು ಜನ ಒಂದೇ ಸಲಕ್ಕೆ ಮುಗಿಯುತ್ತಿದ್ದರು. ಇನ್ನು ಎಂಟು ಜನರಿಗೆ ಎಂಟು ಸಲ. ಕಾಯಿಯನ್ನು ಬಗಲಲ್ಲಿ ಇಟ್ಟುಕೊಂಡು, ಉಳಿದ ಹಂಪುಗಳ ಕಡೆ ತಿರುಗಿಯೂ ನೋಡದೆ ಮನೆಗೆ ಬಂದುಬಿಟ್ಟರು. ನನಗೆ ನನ್ನ ನಾಲಿಗೆ ಕಚ್ಚಿಕೊಳ್ಳುವ ಹಾಗಾಗಿತ್ತು.

ಆ ಕಾಯಿಯನ್ನು ದೊಡ್ಡಮ್ಮ, ಅಂದರೆ ಶಕುಂತಲಮ್ಮ, ಅಡುಗೆಗೆ ಒಡೆದರು. ತುರಿಯುತ್ತಾ ತುರಿಯುತ್ತಾ ಕೇಳಿದರು, "ಏನ್ರೀ, ಆ ಇನ್ನೊಂದು ಸೀಟು, ನೀವು ಯಾರಿಗೆ ಅಂದ್ಕೊಂಡಿದ್ರಿ?"

"ಯಾರಿಗೂ ಇಲ್ಲ. ಖಾಲಿ ಬಿಡಾನ ಅಂತ."

ತುರಿಯುವ ಸದ್ದು ನಿಂತಿತು.

"ಹತ್ತೊಂಬತ್ತು ವರ್ಷದಾಗೆ ಆ ಓಮ್ನಿನಾಗೆ ನಾನು ಒಂದ್ಸಲನೂ ಮುಂದೆ ಕೂತಿಲ್ಲ," ಅಂದರು ದೊಡ್ಡಮ್ಮ. ಸಿಟ್ಟಿನಿಂದಲ್ಲ, ಸುಸ್ತಾದವರ ಹಾಗೆ. "ಯಾವಾಗ್ಲೂ ಮುಂದೆ ಯಾರೋ ವಯಸ್ಸಾದೋರು, ಇಲ್ಲಾ ವಾಂತಿ ಮಾಡೋರು. ಲಿಂಗದಹಳ್ಳಿಗೆ, ನನ್ನ ತವರಿಗೆ, ನಾವಿಬ್ರೇ ಹೋದದ್ದು ಯಾವತ್ತು ಹೇಳಿ? ಈಗ ಎರಡೇ ಸೀಟಿನ ಕಾರು ನೋಡಿದ್ರೂ ನಾನು ನೆನಪಾಗ್ಲಿಲ್ಲ."

ದೊಡ್ಡಪ್ಪ ಅಂಗೈಯಿಂದ ಮಂಡಿ ಉಜ್ಜಿಕೊಳ್ಳುತ್ತಾ ಕೂತರು.

ಆರಕ್ಕೆ ಸರಿಯಾಗಿ ಫೋನು ಬಂತು. ನಾನು ಕೈ ಚಾಚಿದೆ, ಆದರೆ ದೊಡ್ಡಪ್ಪ ಅವರೇ ತೆಗೆದುಕೊಂಡರು. "ಆಗಲ್ಲ ಕಣ್ರೀ," ಅಂದರು. ಆ ಕಡೆಯಿಂದ ಏಜೆಂಟ್ ಬಹಳ ಹೊತ್ತು ಏನೋ ಹೇಳುತ್ತಿದ್ದ. "ಇಲ್ಲ, ಬ್ಯಾಡ. ನಿಮ್ಮ ಕಾರು ಚೆನ್ನಾಗೈತೆ. ನಂಗೆ ಬ್ಯಾಡ ಅಷ್ಟೆ." ಫೋನಿಟ್ಟು ನನ್ನ ಮುಖ ನೋಡಿ, "ಬಂತಲ್ಲವ್ವ ಬಾಯಿಗೆ!" ಅಂದರು. ಕೆಂಪು ಕಾರು ಹೋಯಿತಲ್ಲ ಅಂತ ನನಗೆ ಹೊಟ್ಟೆ ಉರಿಯುತ್ತಿದ್ದರೂ ನಗು ತಡೆಯಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಲಿಂಗದಹಳ್ಳಿಗೆ ಹೊರಡಲು ಓಮ್ನಿ ಒರೆಸಿದೆವು. ದೊಡ್ಡಮ್ಮ ಮದುವೆಮನೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತರು. ಕೂತವರು ಕಿಟಕಿ ಇಳಿಸುವುದು ಹೇಗೆ ಅಂತ ಕೇಳಿದರು. ನಾನು ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆ. ಸ್ಟಾರ್ಟ್ ಆದ ಸದ್ದಿಗೆ ಹುಲಿಯಮ್ಮ ಸಂಚಿ ಸಿಕ್ಕಿಸಿಕೊಂಡು ಓಡೋಡಿ ಬಂದರು.

"ನಂಜುಂಡ, ಹೆಂಗೂ ಹೋಗ್ತಿದೀಯಲ್ಲ..."

ದೊಡ್ಡಪ್ಪನ ಬಾಯಿ ತೆರೆಯಿತು, ಏನೂ ಬರಲಿಲ್ಲ. ನಿನ್ನೆಯದು ಫೋನಿನಲ್ಲಿ, ಇದು ಎದುರಿಗೆ. ಸ್ಟೇರಿಂಗ್ ಮೇಲಿನ ಕೈ ಸಡಿಲಾಯಿತು. ಹಿಂದಿನ ಬಾಗಿಲು ಸರಿಸಲು ಹುಲಿಯಮ್ಮ ಆಗಲೇ ಹಿಡಿಗೆ ಕೈ ಹಾಕಿದ್ದರು.

"ಹೆಂಗೂ ಹೋಗ್ತಿಲ್ಲ ಕಣಕ್ಕ," ಅಂದರು ದೊಡ್ಡಮ್ಮ ಮುಂದಿನ ಕಿಟಕಿಯಿಂದ. "ಇವತ್ತು ಹೋಗ್ಬೇಕು ಅಂತಾನೇ ಹೋಗ್ತಿದೀವಿ. ನಾವಿಬ್ರೇ."

ಹುಲಿಯಮ್ಮ ಅವರನ್ನು ನೋಡಿದರು, ಸೀರೆ ನೋಡಿದರು, ಹಿಡಿಯಿಂದ ಕೈ ತೆಗೆದರು. ಸಂಚಿಯಿಂದ ಮಡಚಿದ ಔಷಧಿ ಚೀಟಿ ತೆಗೆದು ಕಿಟಕಿಯೊಳಗೆ ತೂರಿಸಿದರು.

"ಸರಿ ಬಿಡವ್ವ. ಬರ್ತಾ ಕಡೂರಿನಾಗೆ ಈ ಕಣ್ಣಿನ ಡ್ರಾಪ್ಸ್ ತಂದ್ಬಿಡು."

ದೊಡ್ಡಮ್ಮ ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡರು. ದೊಡ್ಡಪ್ಪ ನಿಟ್ಟುಸಿರು ಬಿಟ್ಟು ಕ್ಲಚ್ ತುಳಿದರು. ಹುಲಿಯಮ್ಮನ ಹಂಪಿನ ಮೇಲೆ ಓಮ್ನಿ ಹತ್ತಿ ಇಳಿಯುವಾಗ ಅದರ ಹಿಂದಿನ ಸೀಟು, ನಾನು ಹುಟ್ಟಿದಾಗಿನಿಂದ ಮೊದಲ ಸಲ, ಪೂರ್ತಿ ಖಾಲಿ ಕಂಡಿತು.