ಲಿಫ್ಟಿಗೆ ಮುಂಚೆ ವೈಫೈ ಆಫ್

ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನಲ್ಲಿ ಆಯಾ ಕೆಲಸ ಮಾಡುತ್ತಿದ್ದ ಆಕೆಯ ನಿಜವಾದ ಹೆಸರು ಅಲ್ಲಿ ಯಾರಿಗೂ ನೆನಪಿರಲಿಲ್ಲ. ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಆಕೆ ಫೋನಕ್ಕ. ಬೆಡ್‌ಪ್ಯಾನ್ ತೊಳೆದು, ಹಾಸಿಗೆಯ ಬಟ್ಟೆ ಬದಲಿಸಿ, ರೋಗಿಗಳ ಬೆನ್ನು ಒರೆಸಿದ ಮೇಲೆ ಅವಳದು ಇನ್ನೊಂದು ಕೆಲಸವಿತ್ತು. ಆಪರೇಷನ್‌ಗೆ ಹೊರಟ ರೋಗಿ ದೂರದ ಮನೆಯವರ ಜೊತೆ ವಿಡಿಯೋ ಕಾಲಿನಲ್ಲಿದ್ದರೆ, ಮಾತು ಕಡಿಯದ ಹಾಗೆ ಫೋನು ಹಿಡಿದು ಸ್ಟ್ರೆಚರಿನ ಪಕ್ಕ ನಡೆಯುವುದು.

ಸುಲಭ ಅಂದುಕೊಳ್ಳಬೇಡಿ. ವಾರ್ಡಿನಲ್ಲಿ ವೈಫೈ ಭರ್ತಿ. ಕಾರಿಡಾರು ತಿರುಗಿ ಲಿಫ್ಟಿನ ಹತ್ತಿರ ಬಂದರೆ ಅದು ಸತ್ತೇ ಹೋಗುತ್ತದೆ, ಆದರೂ ಫೋನು ಅದನ್ನು ಬಿಡುವುದಿಲ್ಲ. ಹೊರಡುತ್ತೇನೆಂದು ಎದ್ದು, ಹೊಸ್ತಿಲಲ್ಲಿ ನಿಂತು ಮಾತು ಮುಗಿಸದ ನೆಂಟರ ಹಾಗೆ, ಇತ್ತ ವೈಫೈಯೂ ಇಲ್ಲ, ಅತ್ತ ಮೊಬೈಲ್ ಡೇಟಾಕ್ಕೂ ಹೋಗುವುದಿಲ್ಲ. ತಾನಾಗಿಯೇ ಬದಲಾಗಲೆಂದು ಸೆಟ್ಟಿಂಗಿನಲ್ಲಿ ಏನೋ ಒಂದಿದೆ ನಿಜ. ಅದನ್ನು ನಂಬಿ ಕೆಟ್ಟವರನ್ನು ಫೋನಕ್ಕ ಬೇಕಾದಷ್ಟು ನೋಡಿದ್ದಳು. ಅವಳದು ಒಂದೇ ಸೂತ್ರ: ಲಿಫ್ಟಿಗೆ ಮುಂಚೆ ವೈಫೈ ಆಫ್. ಆ ಲಿಫ್ಟಿನಲ್ಲಿ ಡೇಟಾ ಧಾರಾಳವಾಗಿ ಸಿಗುತ್ತಿತ್ತು. ಹೊಸ ಆಯಾಗಳಿಗೆಲ್ಲ ಇದನ್ನು ಬಾಯಿಪಾಠ ಮಾಡಿಸಿದ್ದಳು. ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡಲು ಅವಳಿಗೆ ಬೇರೆ ಏನಿತ್ತು?

ಒಬ್ಬ ತಮ್ಮನಿದ್ದ. ಅವಳೇ ಎತ್ತಿ ಆಡಿಸಿ, ಬೈದು ಬುದ್ಧಿ ಹೇಳಿ ದೊಡ್ಡವನನ್ನಾಗಿ ಮಾಡಿದ ತಮ್ಮ. ಬೇರೆ ಊರಿನಲ್ಲಿ ಬಡಗಿ ಕೆಲಸ ಮಾಡಿಕೊಂಡಿದ್ದವನು ಎದೆನೋವೆಂದು ಅಲ್ಲಿನ ಆಸ್ಪತ್ರೆ ಸೇರಿದ. ನಾಳೆ ಆಪರೇಷನ್ ಎಂದರು. ಫೋನಕ್ಕ ರಜೆ ಹಾಕಿ, ಚೀಲ ತುಂಬಿಟ್ಟು, ಸಂಜೆಯ ಬಸ್ಸಿಗೆ ಹೊರಡುವವಳಿದ್ದಳು. ಅಷ್ಟರಲ್ಲಿ, ಕಾಯುವ ಹಾಗಿಲ್ಲ, ಈಗಲೇ ಕರೆದೊಯ್ಯುತ್ತಾರಂತೆ ಎಂದು ತಮ್ಮನ ಹೆಂಡತಿ ಅಳುತ್ತ ಫೋನು ಮಾಡಿದಳು. ಫೋನಕ್ಕ ಧೈರ್ಯ ಹೇಳಿ, ತನಗೆ ಗೊತ್ತಿದ್ದ ವಿದ್ಯೆಯನ್ನು ಅವಳಿಗೂ ಒಪ್ಪಿಸಿದಳು. ವಿಡಿಯೋ ಹಾಕು, ಲಿಫ್ಟ್ ಕಾಣುತ್ತಲೇ ವೈಫೈ ಆಫ್ ಮಾಡು, ಮರೀಬೇಡ ಎಂದು ಮತ್ತೆ ಮತ್ತೆ ಹೇಳಿದಳು.

ಬಟ್ಟೆ ಇಡುವ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಅವಳು ತಮ್ಮನ ಮುಖ ನೋಡಿದಳು. ಅವನು ಎಂದಿನಂತೆ ತಮಾಷೆ ಮಾಡುತ್ತಲೇ ಇದ್ದ. ಈ ಮಂಚ ಮಾಡಿದವನಿಗೆ ಉಳಿ ಹಿಡಿಯಲೂ ಬರುವುದಿಲ್ಲ ಎಂದ. ಅವಳು ನಕ್ಕಳು. ಆಮೇಲೆ ಅವನ ದನಿ ತಗ್ಗಿತು.

“ಅಕ್ಕಾ, ನಿಂಗೊಂದು ಮಾತು ಹೇಳೋದಿದೆ. ಇಲ್ಲಿ ಬೇಡ, ಜನ ಇದಾರೆ. ಹೋಗ್ತಾ ಹೇಳ್ತೀನಿ.”

“ಹೇಳೋ, ನಾನೆಲ್ಲಿ ಹೋಗ್ತೀನಿ?” ಎಂದಳು ಅವಳು, ನಗುತ್ತಲೇ.

ಸ್ಟ್ರೆಚರು ಹೊರಟಿತು. ಚಾವಣಿಯ ದೀಪಗಳು ಒಂದೊಂದಾಗಿ ಹಿಂದೆ ಸರಿದವು. ಅವನ ಹೆಂಡತಿಯ ಬೆರಳು ತೆರೆಯ ಮೇಲೆ ಬಂದು ಹೋಯಿತು. ಅವನು ಬಾಯಿ ತೆರೆದ. ಚಿತ್ರ ಅಲ್ಲಿಗೇ ನಿಂತಿತು.

ಫೋನಕ್ಕ ಕೂಗಿದಳು, ಕರೆ ಕತ್ತರಿಸಿ ಮತ್ತೆ ಹಚ್ಚಿದಳು. ಹೋಗಲೇ ಇಲ್ಲ. ಒಳಗೆ ಹೋದ ತಮ್ಮ ಜೀವಂತವಾಗಿ ಹೊರಗೆ ಬರಲಿಲ್ಲ.

ರಾತ್ರಿ ಆ ಆಸ್ಪತ್ರೆಗೆ ಹೋಗಿ, ಅದೇ ಲಿಫ್ಟಿನ ಮುಂದೆ ನಿಂತು ಅವಳು ಫೋನು ತೆಗೆದು ನೋಡಿದಳು. ಮೊಬೈಲ್ ಡೇಟಾದ ಸಿಗ್ನಲ್ ಸೊನ್ನೆ. ಪಕ್ಕದಲ್ಲಿದ್ದ ತಮ್ಮನ ಹೆಂಡತಿಯ ಫೋನು ಇಸಿದುಕೊಂಡು ವೈಫೈ ಹಾಕಿದರೆ, ಭರ್ತಿ. ಲಿಫ್ಟಿನೊಳಗೂ ಭರ್ತಿ, ಆಪರೇಷನ್ ಥಿಯೇಟರಿನ ಬಾಗಿಲವರೆಗೂ ಭರ್ತಿ. ಸುಮ್ಮನಿದ್ದಿದ್ದರೆ ಸಾಕಿತ್ತು. ತಮ್ಮನ ಕೊನೆಯ ಮಾತನ್ನು ಅವಳು ತನ್ನ ಬುದ್ಧಿವಂತಿಕೆಯಿಂದಲೇ ಕಡಿದುಹಾಕಿದ್ದಳು. ಗೋಡೆಗೆ ಒರಗಿ ನಿಂತಳು.

ಎಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ತಮ್ಮನ ಹೆಂಡತಿ ಅವಳ ಪಕ್ಕ ಬಂದು ಕೂತಳು.

“ನೀವು ಹೇಳ್ಕೊಟ್ಟಿದ್ದು ಒಳ್ಳೇದಾಯ್ತು ಅತ್ತಿಗೆ. ಲಿಫ್ಟ್ ಕಂಡ ತಕ್ಷಣ ಆಫ್ ಮಾಡಿ, ಫೋನು ಅವರ ಕೈಗೇ ಕೊಟ್ಟು ಹಿಂದೆ ನಿಂತೆ. ಲಿಫ್ಟಲ್ಲಿ ಬಗ್ಗಿ ನೋಡಿದ್ರೆ ನೀವು ನಗ್ತಾ ಇದ್ರಿ. ಬಾಗಿಲ ತನಕ ಮೆಲ್ಲಗೆ ಮಾತಾಡ್ತಾನೇ ಇದ್ರು. ಏನಂದ್ರು?”

ಅವಳು ಕಂಡದ್ದು ತೆರೆಯ ಮೇಲೆ ನಿಂತುಹೋದ ಚಿತ್ರದ ನಗು. ನಿಜ ಹೇಳಿದರೆ ವೈಫೈ ಆಫ್ ಮಾಡಿದ ಆ ಬೆರಳು ಬದುಕಿರುವ ತನಕ ಈ ಹುಡುಗಿಯನ್ನು ಸುಡುತ್ತದೆ.

“ಭಯ ಇಲ್ಲ ಅಂದ.”

“ಅಷ್ಟೇನಾ? ಅಷ್ಟು ಹೊತ್ತು ಮಾತಾಡಿದ್ರಲ್ಲ.”

ಫೋನಕ್ಕ ಆ ಸಂಜೆಯೆಲ್ಲ ಕೂತು, ತಮ್ಮ ಆಡದ ಮಾತುಗಳನ್ನು ಒಂದೊಂದಾಗಿ ಕಟ್ಟಿ ಹೇಳಿದಳು. ಹೆಂಡತಿಯ ಬಗ್ಗೆ, ಮುಗಿಸದೆ ಬಿಟ್ಟ ಕೆಲಸದ ಬಗ್ಗೆ. ಕೇಳುತ್ತ ಕೇಳುತ್ತ ಆ ಹುಡುಗಿ ಅತ್ತು ಹಗುರಾದಳು. ಅವನು ನಿಜಕ್ಕೂ ಏನು ಹೇಳಿದನೆಂಬುದು ಲಿಫ್ಟಿನ ಗೋಡೆಗಳಿಗಷ್ಟೇ ಗೊತ್ತು.

ಫೋನಕ್ಕ ಕೆಲಸಕ್ಕೆ ಮರಳಿದ್ದಾಳೆ. ಈಗಲೂ ಫೋನು ಹಿಡಿಯುತ್ತಾಳೆ, ಲಿಫ್ಟಿಗೆ ಮುಂಚೆ ವೈಫೈ ಆಫ್ ಮಾಡುತ್ತಾಳೆ. ಆದರೆ ಅದಕ್ಕೂ ಮೊದಲು, ಸ್ಟ್ರೆಚರು ವಾರ್ಡಿನ ಬಾಗಿಲು ದಾಟುವಾಗ ತಡೆದು ನಿಲ್ಲಿಸುತ್ತಾಳೆ. ಹೊತ್ತಾಯಿತೆಂದು ನರ್ಸು ಗದರಿದರೂ ಚಕ್ರಕ್ಕೆ ಅಡ್ಡ ಇಟ್ಟ ಕಾಲನ್ನು ತೆಗೆಯುವುದಿಲ್ಲ.

“ಹೇಳೋದೆಲ್ಲ ಇಲ್ಲೇ ಹೇಳಿಬಿಡಿ,” ಎನ್ನುತ್ತಾಳೆ. “ಜನ ಇದ್ರೆ ಇರ್ಲಿ.”