ಡಬ್ಬಿ ಗಡಿಯಾರ ಮತ್ತು ಒಂದು ಸೊನ್ನೆ

ಬೆಸುಗೆಯ ರಾಳ ಸುಟ್ಟ ವಾಸನೆ ಇನ್ನೂ ನನ್ನ ಬೆರಳಲ್ಲಿದೆ. ಸೋಪು ಹಚ್ಚಿ ಎರಡು ಸಲ ತೊಳೆದೆ, ಹೋಗಲಿಲ್ಲ, ಇರಲಿ ಬಿಡಿ. ಪ್ರಯೋಗಾಲಯದ ಡಬ್ಬಿ ಗಡಿಯಾರದ ತಂತಿಯೊಂದು ಕಿತ್ತುಬಂದಿತ್ತು. ಆ ಗಡಿಯಾರ ಮಾಡಿಕೊಟ್ಟ ವಾಡಿ ಊರಿನ ಮೆಹಬೂಬ್ ಚಾಚಾಗೆ ಈಗ ಕಣ್ಣು ಮಂಜು. ಹಾಗಾಗಿ ನಾನೇ ಬೆಸೆದೆ, ಹೆಬ್ಬೆರಳನ್ನೂ ಒಂದಿಷ್ಟು ಸುಟ್ಟುಕೊಂಡೆ.

ನಮ್ಮ ಶಾಲೆ ಚಿತ್ತಾಪುರದ ಹತ್ತಿರ. ನಾನು ವಿಜ್ಞಾನ ಕಲಿಸಲು ಬಂದಾಗ ಇಡೀ ಪ್ರಯೋಗಾಲಯಕ್ಕೆ ಸಮಯ ಅಳೆಯಲು ಇದ್ದದ್ದು ನನ್ನ ಕೈಗಡಿಯಾರವೊಂದೇ, ಅದೂ ಹಿಂದೆ ಬೀಳುತ್ತಿತ್ತು. ರೇಡಿಯೋ, ಗಡಿಯಾರ ರಿಪೇರಿ ಮಾಡುತ್ತಿದ್ದ ಚಾಚಾ ಒಡೆದ ಗೋಡೆ ಗಡಿಯಾರದ ಯಂತ್ರವನ್ನು ಹಳೆಯ ಕ್ಯಾಲ್ಕುಲೇಟರಿಗೆ ಜೋಡಿಸಿ, ಊಟದ ಡಬ್ಬಿಯೊಳಗೆ ಕೂರಿಸಿದರು. ಗುಂಡಿ ಒತ್ತಿದರೆ ಸೆಕೆಂಡಿಗೊಂದು ಅಂಕಿ ಏರುತ್ತದೆ. "ಕಂಪನಿ ಮಾಲ್ ಅಲ್ಲ ಅಂತ ಯಾರರ ಅಂದ್ರ, ಟೈಮ್ ಯಾರಪ್ಪನ ಜಾಗೀರೂ ಅಲ್ಲ ಅಂತ ಹೇಳ್ರಿ ಟೀಚರ್," ಎಂದರು.

ಹಾಗನ್ನುವವರು ಬಂದೇ ಬಂದರು. ತಪಾಸಣೆಗೆ ಬಂದ ಸಾಹೇಬರು ಡಬ್ಬಿ ನೋಡಿ ಮೂಗು ಮುರಿದು, ತಮ್ಮ ಕಂಪನಿ ಸ್ಟಾಪ್‌ವಾಚ್ ಹಿಡಿದರು. ಶಹಾಬಾದ್ ಕಲ್ಲಿನ ಚೂರು ಕಟ್ಟಿದ ನಮ್ಮ ಲೋಲಕವನ್ನು ಬಿಡುತ್ತಲೇ "ಒಂದು" ಎಂದು ತೂಗಾಟ ಎಣಿಸಲು ಶುರುಮಾಡಿ, "ಇಪ್ಪತ್ತು" ಎಂದಾಗ ನಿಲ್ಲಿಸಿದರು. ಮೂವತ್ತೆಂಟು ಸೆಕೆಂಡು. ಡಬ್ಬಿ ಹಿಡಿದಿದ್ದ ಒಂಬತ್ತನೆಯ ತರಗತಿಯ ಮಹಾದೇವಿಗೆ ಇಪ್ಪತ್ತು ತೂಗಾಟಕ್ಕೆ ನಲವತ್ತು ಬಂತು.

"ನಿಮ್ಮ ಡಬ್ಬಿ ಸುಳ್ಳು ಹೇಳ್ತದ," ಎಂದರು ಸಾಹೇಬರು.

"ಡಬ್ಬಿ ಅಲ್ರಿ ಸರ್," ಎಂದಳು ಮಹಾದೇವಿ. "ಕಲ್ಲು ಬಿಟ್ಟಾಗ ಸೊನ್ನಿ ಅನ್ಬೇಕ್ರಿ, ನೀವು ಒಂದು ಅಂದ್ರಿ. ಹತ್ತೊಂಬತ್ತೇ ಆಗ್ಯಾವ."

ಸಾಹೇಬರ ಮುಖ ಕೆಂಪಾಯಿತು. "ಅನಧಿಕೃತ ಸಾಧನ, ತೆಗೆಯತಕ್ಕದ್ದು" ಎಂದು ಬರೆದರು. ಆಗ ನಾನೇನು ಮಾಡಿದೆ ಅಂತೀರಿ? ಮಕ್ಕಳಿಗೆ ವಾರಗಟ್ಟಲೆ ಆ ಸೊನ್ನೆಯ ಪಾಠ ಹೇಳಿದ ಮಹಾತಾಯಿ, ತೆಪ್ಪಗೆ ಸಹಿ ಹಾಕಿ ಡಬ್ಬಿಯನ್ನು ಕಪಾಟಿಗೆ ತಳ್ಳಿದೆ! "ಟೀಚರ್, ನಮ್ಮ ಲೆಕ್ಕ ಖರೇ ಇತ್ತಲ್ರಿ?" ಎಂದು ಹುಡುಗಿ ಕೇಳಿದಾಗ ಕಪಾಟಿಗೆ ಬೀಗ ಹಾಕುತ್ತಾ ನಿಂತೆ. ನಾಚಿಕೆಯಾಯಿತು, ಈಗಲೂ ಆಗುತ್ತದೆ. ಮರುದಿನವೇ ಹೊರತೆಗೆದೆನೇನೋ ನಿಜ. ಆದರೆ ಅಂದಿನಿಂದ ತಪಾಸಣೆ ಬಂದರೆ ಬಚ್ಚಿಡುವುದು, ಮುಗಿದರೆ ತೆಗೆಯುವುದು, ಕಳ್ಳಬೆಕ್ಕಿನ ಬಾಳು.

ನಾಳೆ ಮತ್ತೆ ತಪಾಸಣೆ. ಈಗಷ್ಟೇ ಹೆಡ್‌ಮಾಸ್ಟರು ಇಣುಕಿ, "ಡಬ್ಬಿ ಒಳಗ ಇಡ್ರಿ ಮೇಡಂ, ಸುಮ್ನ ಯಾಕ ತಂಟೆ?" ಎಂದರು.

ಡಬ್ಬಿಯನ್ನು ಒರೆಸಿ, ಬಾಗಿಲಿಗೆ ಎದುರಾದ ಮೇಜಿನ ಮೇಲಿಟ್ಟೆ.

"ಇಡಂಗಿಲ್ರಿ ಸರ್. ಬರ್ಲಿ ಸಾಹೇಬ್ರು. ಈ ಸಲ ಕಲ್ಲು ಬಿಡೋದೂ ನಾನೇ, ಸೊನ್ನಿ ಅಂತ ಒದರೋದೂ ನಾನೇ."