ಟೀಚರಮ್ಮ ಜ್ವರಕ್ಕೆ ಕೂರಿಸಿದ ಮಕ್ಕಳು

ಕೋಲಾರದಲ್ಲಿ ಸಿಸ್ಟರ್‌ಗಳು ನಡೆಸುವ ನರ್ಸರಿ ಸ್ಕೂಲಿನ ಜಗಲಿಯ ಮೇಲೆ ಒಂದು ಕಲ್ಲುಬೆಂಚು ಇದೆ. ಎರಡು ವರ್ಷ ಅದು ನನ್ನ ಜಾಗ. ಸುಗಟೂರಿನಿಂದ ಬೆಳಗಿನ ಬಸ್ಸಿನಲ್ಲಿ ಮೊಮ್ಮಗಳು ಚೈತನ್ಯಳನ್ನು ಕರೆದುಕೊಂಡು ಬಂದರೆ, ಸ್ಕೂಲು ಬಿಡುವ ತನಕ ನಾನು ಹೋಗುವುದಾದರೂ ಎಲ್ಲಿಗೆ? ಬೆಂಚಿಗೆ ಒರಗಿದರೆ ತಲೆಯ ಹಿಂದೆ ಕಿಟಕಿ. ಕಿಟಕಿಯ ಆಚೆ ಗಂಗಾಲಕ್ಷ್ಮಿ ಟೀಚರಮ್ಮ. ನಾನು ಬದುಕಿನಲ್ಲಿ ಬಿತ್ತನೆ ನೋಡಿದ್ದೇನೆ, ಹೆರಿಗೆ ನೋಡಿದ್ದೇನೆ, ಬತ್ತಿದ ಬಾವಿಯಲ್ಲಿ ನೀರು ಉಕ್ಕಿದ್ದನ್ನೂ ನೋಡಿದ್ದೇನೆ. ಆ ಕಿಟಕಿಯೊಳಗೆ ಕಂಡಂಥದ್ದನ್ನು ಬೇರೆ ಎಲ್ಲೂ ಕಾಣಲಿಲ್ಲ.

ಜೂನ್ ತಿಂಗಳ ಮೊದಲ ದಿನ ಆ ಕೋಣೆ ಎಂದರೆ ಕರುಗಳನ್ನು ಹಾಲು ಬಿಡಿಸಿದ ದಿನದ ಕೊಟ್ಟಿಗೆ. ಒಂದು ಬಾಗಿಲು ಒದೆಯುತ್ತದೆ, ಒಂದು ನೆಲದ ಮೇಲೆ ಉರುಳುತ್ತದೆ, ಒಂದು ಚಡ್ಡಿ ಒದ್ದೆ ಮಾಡಿಕೊಂಡು ನಿಂತಿರುತ್ತದೆ. ಟೀಚರಮ್ಮ ಗದರುವುದಿಲ್ಲ, ರಮಿಸುವುದೂ ಇಲ್ಲ. ನಡುವೆ ಚಾಪೆ ಹಾಸಿ ಕೂತು ಒಂದು ಚೊಂಬಿನಿಂದ ಇನ್ನೊಂದು ಚೊಂಬಿಗೆ ನೀರು ಸುರಿಯುತ್ತಾರೆ. ಸುಮ್ಮನೆ ಸುರಿಯುತ್ತಲೇ ಇರುತ್ತಾರೆ. ಅಳುತ್ತಿದ್ದ ಒಂದು ಮಗು ಮೂಗು ಒರೆಸಿಕೊಂಡು ಹತ್ತಿರ ಬರುತ್ತದೆ. ಅದರ ಕೈಗೆ ಚೊಂಬು ಹೋಗುತ್ತದೆ. ಆಮೇಲೆ ಇನ್ನೊಂದು ಬರುತ್ತದೆ. ಹಳೆಯ ರವಿಕೆಗಳ ಗುಂಡಿ ಸಾಲನ್ನು ಕತ್ತರಿಸಿ ಹಲಗೆಗೆ ಹೊಲಿದಿಟ್ಟಿದ್ದಾರೆ. ಗುಂಡಿ ಹಾಕುವುದು, ತೆಗೆಯುವುದು ಅಲ್ಲೇ ಕಲಿಯಬೇಕು. ತಿಂಡಿ ಡಬ್ಬಿಯ ಮುಚ್ಚಳ ಬಿಚ್ಚುವುದು, ಒಂದಕ್ಕೆ ಹೋಗಬೇಕೆಂದು ಕೇಳುವುದು, ತನ್ನ ಹೆಸರು, ಅಪ್ಪನ ಹೆಸರು, ಊರ ಹೆಸರು ಹೇಳುವುದು, ಎಲ್ಲವೂ ಅಲ್ಲೇ. ಅಂಗಳದಲ್ಲಿ ಕಲ್ಲಿನಿಂದ ಕಟ್ಟಿದ ಪುಟ್ಟ ಗವಿಯಲ್ಲಿ ಸಿಸ್ಟರ್‌ಗಳು ಪೂಜಿಸುವ ನೀಲಿ ಸೆರಗಿನ ಮಾತೆ ನಿಂತಿದ್ದಾಳೆ. ಹಣೆಗೆ ಕುಂಕುಮ ಇಟ್ಟ ಮಕ್ಕಳು ತಮ್ಮ ತಮ್ಮ ಮನೆಯ ಹೂ ತಂದು ಅವಳ ಕಾಲ ಬಳಿ ಇಡುತ್ತಾರೆ. ನಾನೂ ನಮ್ಮೂರ ಅಮ್ಮನಿಗೆ ಮುಗಿದ ಹಾಗೆಯೇ ಅವಳಿಗೂ ಕೈ ಮುಗಿಯುತ್ತಿದ್ದೆ.

ಮಕ್ಕಳು ಗವಿಯ ತನಕ ಹೋಗುವುದು ಒಂದು ಹಗ್ಗ ಹಿಡಿದುಕೊಂಡು. ಹಗ್ಗದಲ್ಲಿ ಗಂಟುಗಳಿವೆ, ಒಂದು ಗಂಟಿಗೆ ಒಂದು ಮಗು. ಅದು ಟೀಚರಮ್ಮನ ತಂದೆ ಚನ್ನರಾಯಪ್ಪನವರು ಹಸು ಕಟ್ಟುತ್ತಿದ್ದ ಹಗ್ಗ. ಅವರದು ವಕ್ಕಲೇರಿ, ಹಾಲಿನ ಮನೆತನ. ಟೀಚರಮ್ಮ ಚಿಕ್ಕವರಿದ್ದಾಗ ತಂದೆ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಇದೇ ಸ್ಕೂಲಿಗೆ ತಂದು ಬಿಟ್ಟರಂತೆ. ಬಾಗಿಲ ಕಂಬ ಹಿಡಿದುಕೊಂಡವರು ಮಧ್ಯಾಹ್ನದ ತನಕ ಬಿಡಲಿಲ್ಲವಂತೆ. ಆಗಿನ ಸಿಸ್ಟರು ಊಟವನ್ನು ಕಂಬದ ಬಳಿಗೇ ತಂದು, ತಾವೂ ಅಲ್ಲೇ ನೆಲದ ಮೇಲೆ ಕೂತು ಉಂಡರಂತೆ. ಇದನ್ನು ಹೇಳುವಾಗ ಟೀಚರಮ್ಮ ಆ ಕಂಬದ ಕಡೆ ನೋಡಿ ನಗುತ್ತಾರೆ. ಅವರ ಯಜಮಾನರು ಕದಿರೇಶ್ ಅವರಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರು ವೈಂಡಿಂಗ್ ಅಂಗಡಿ. ಮಾಲೂರಿನಲ್ಲಿ ದೊಡ್ಡ ಸ್ಕೂಲಿಗೆ ಕರೆದರೂ ಈಯಮ್ಮ ಹೋಗಲಿಲ್ಲ. ಜೂನ್ ತಿಂಗಳ ಅಳು ಕೇಳದಿದ್ದರೆ ವರ್ಷ ಶುರುವಾದ ಹಾಗೇ ಇರುವುದಿಲ್ಲ ಎನ್ನುತ್ತಿದ್ದರು.

ನಮ್ಮ ಚೈತನ್ಯ ಮೊದಲ ದಿನವೂ ಅಳಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು, ಕಾಲು ತೊಳೆದಳು, ತುದಿಗಾಲಲ್ಲಿ ಒಳಗೆ ಹೋಗಿ ಕೂತಳು. ಎಂಥ ಒಳ್ಳೆಯ ಮಗು ಎಂದು ಆಯಾಗಳೆಲ್ಲ ಹೊಗಳಿದರು. ಕೊನೆಗೆ ಗೊತ್ತಾದದ್ದು ಇಷ್ಟು: ಅವಳು ಬಾಯೇ ಬಿಡುತ್ತಿಲ್ಲ. ಹೆಸರು ಕೇಳಿದರೆ ಇಲ್ಲ, ಹಾಡು ಹೇಳಿಸಿದರೆ ಇಲ್ಲ. ಒಂದಕ್ಕೆ ಹೋಗಬೇಕೆಂದರೆ ಟೀಚರಮ್ಮನ ಸೆರಗು ಎಳೆಯುತ್ತಿದ್ದಳು. ವರ್ಷ ಕಳೆಯಿತು, ಮುಂದಿನ ತರಗತಿಯೂ ಅದೇ ಕೋಣೆಯಲ್ಲಿ, ಟೀಚರಮ್ಮನ ಹತ್ತಿರವೇ, ಆಗಲೂ ಬಾಯಿ ಬಿಡಲಿಲ್ಲ.

ಮನೆಯಲ್ಲಿ ಮಾತಾಡುತ್ತಿದ್ದಳಲ್ಲ, ಅದಕ್ಕೇ ನಮಗೆ ತಲೆ ಕೆಟ್ಟಿತು. ಸೊಸೆ ಅನಿತ ಬಜೆ ತೇಯ್ದು ನಾಲಿಗೆಗೆ ಹಚ್ಚಿದಳು. ನಾನು ದೃಷ್ಟಿ ತೆಗೆದೆ. ಮಗ ಮುನಿಕೃಷ್ಣ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕಿವಿ ಚೆನ್ನಾಗಿದೆ, ಗಂಟಲು ಚೆನ್ನಾಗಿದೆ ಎಂದರು. ಬಸ್ಸಿಗೆ ನಿಂತಾಗ ಎದುರು ಮನೆಯ ಮುನಿಯಲ್ಲಮ್ಮ ಸುಮ್ಮನಿರುವವಳೇ? "ಏನ್ ಅಕ್ಕಯಮ್ಮ, ಮನೇಲಿ ಸುಮ್ನೆ ಕೂರೋಕೆ ಜಾಗ ಇರ್ಲಿಲ್ವಾ, ಕೋಲಾರಕ್ಕೆ ಹೋಗಿ ಕೂತ್ಕೊಂಡು ಬರ್ತೀರಲ್ಲ ಅವ್ವ ಮೊಮ್ಮಗಳು," ಎಂದಳು. ನಾನು ಬಸ್ಸು ಬರುವ ದಿಕ್ಕು ನೋಡಿದೆ.

ಸಂಕ್ರಾಂತಿ ಮುಗಿದ ಮೇಲೆ ಮಾತು ಬಿಗಿಯಾಯಿತು. ಅಂಗಳದ ಆಚೆಗಿರುವ ದೊಡ್ಡ ಸ್ಕೂಲಿನಲ್ಲಿ ಒಂದನೇ ತರಗತಿ. ಮಾರ್ಚಿನಲ್ಲಿ ಅಲ್ಲಿನ ದೊಡ್ಡ ಸಿಸ್ಟರು ಒಂದೊಂದೇ ಮಗುವನ್ನು ಕರೆದು ಮಾತಾಡಿಸುತ್ತಾರೆ. ಬಾಯಿ ಬಿಡದ ಮಗುವನ್ನು ಇನ್ನೊಂದು ವರ್ಷ ನರ್ಸರಿಯಲ್ಲೇ ಇಡುವುದು ಅವರ ಪದ್ಧತಿ. ಹಾಗೇನಾದರೂ ಆದರೆ ಬಿಡಿಸಿಬಿಡುತ್ತೇನೆ, ಇಷ್ಟು ದೂರ ತಿರುಗಿಸಿದ್ದು ಸಾಕು ಎಂದು ಮುನಿಕೃಷ್ಣ ಗಟ್ಟಿಯಾಗಿ ಹೇಳಿಬಿಟ್ಟ. ಆ ಮಗು ದಿನಾ ಬೆಳಿಗ್ಗೆ ನನಗಿಂತ ಮೊದಲು ಎದ್ದು ಬ್ಯಾಗು ಹಾಕಿಕೊಂಡು ಹೊಸ್ತಿಲ ಮೇಲೆ ಕೂತಿರುತ್ತಿತ್ತು. ಆ ಕೋಣೆಯ ಮೇಲೆ ಅಷ್ಟು ಆಸೆ.

ನಾನು ಟೀಚರಮ್ಮನ ಹತ್ತಿರ ಹೋಗಿ ಬೇಡಿಕೊಂಡೆ, ಹೇಗಾದರೂ ಒಂದು ಮಾತು ಆಡಿಸಿ ಅಂತ. ಅವರು ಒಂದು ದಿನವೂ ಆ ಮಗುವಿಗೆ 'ಮಾತಾಡು' ಎಂದವರಲ್ಲ. ಅವತ್ತೂ ನನ್ನನ್ನು ಅಷ್ಟೇ ಕೇಳಿದರು: "ಅವ್ವಾ, ನಿಮ್ಮ ಮನೆಗೆ ಒಂದ್ಸಲ ಬರ್ಲಾ?"

ಅವರು ಬಂದ ಭಾನುವಾರವೇ ನಮ್ಮ ರೇಷ್ಮೆ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ತಲೆ ಎತ್ತಿಕೊಂಡು ಹಾಗೇ ಇರುತ್ತದೆ. ಅದಕ್ಕೇ ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆ ಹೊತ್ತಿನಲ್ಲಿ ಹುಳದ ಮನೆಯೊಳಗೆ ಯಾರೂ ಗಟ್ಟಿಯಾಗಿ ಮಾತಾಡಬಾರದು. ಇದು ನಮ್ಮ ಯಜಮಾನರು ಸೊಣ್ಣಪ್ಪನವರು ಹಾಕಿದ ಕಟ್ಟು. ಅವರು ಹೋದ ಮೇಲೂ ನಾವು ಮುರಿದಿಲ್ಲ. ನಾವು ಮಲಗುವುದು, ಉಣ್ಣುವುದು ಎಲ್ಲ ಹುಳದ ಮನೆಗೆ ಅಂಟಿಕೊಂಡ ಎರಡು ಅಂಕಣದಲ್ಲಿ. ಒಂದು ಬೆಳೆ ಇಳಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ. ಹೀಗಾಗಿ ಸದ್ದಿಲ್ಲದೆ ಇರುವುದು ನಮಗೆ ಉಸಿರಾಡಿದಷ್ಟೇ ಸಲೀಸು. ಗಟ್ಟಿ ಮಾತು ಏನಿದ್ದರೂ ತೋಟದಲ್ಲಿ.

ಒಳಗೆ ಕೂಗುವ ಹಕ್ಕು ಒಂದೇ ಸಲ. ಹುಳ ಎಲ್ಲ ಎದ್ದಿವೆ ಎಂದು ಕಂಡವರು 'ಲೇಸಿನಾಯಿ' ಎಂದು ಕೂಗಬೇಕು. ನನ್ನ ತವರು ಯಲ್ದೂರು, ನಮ್ಮ ಹುಳದ ಮಾತೆಲ್ಲ ತೆಲುಗು. ಎದ್ದವು ಅಂತ ಅರ್ಥ. ಆಗ ಸೊಪ್ಪು ಬೀಳುತ್ತದೆ. ಒಂದು ಹುಳ ಮಲಗಿದ್ದರೂ ಕೂಗುವಂತಿಲ್ಲ, ಹಿಂದೆಮುಂದೆ ಆದರೆ ಗೂಡು ಕೆಡುತ್ತದೆ. ಚೈತನ್ಯಳ ಕಣ್ಣು ಚುರುಕು. ಎರಡು ವರ್ಷದಿಂದ ಆ ಕೂಗು ಅವಳದೇ.

ಬಾಗಿಲಲ್ಲಿ ನಾನು ಟೀಚರಮ್ಮನನ್ನು ತಡೆದೆ. ಹೊರಗಿನವರನ್ನು ಬಿಡುವ ಹಾಗಿಲ್ಲ. ಹೇಗೆ ಹೇಳುವುದೆಂದು ನಾಲಿಗೆ ಕಚ್ಚಿಕೊಂಡಿದ್ದಾಗಲೇ ಅವರೇ ಚಪ್ಪಲಿ ಬಿಟ್ಟರು, ಹುಳಕ್ಕೆ ವಾಸನೆ ಆಗದೆಂದು ತಲೆಯ ಮಲ್ಲಿಗೆ ತೆಗೆದು ಕಾಂಪೌಂಡಿನ ಮೇಲಿಟ್ಟರು, ತೊಟ್ಟಿಯ ನೀರಿನಲ್ಲಿ ಕಾಲು ತೊಳೆದು, ಬ್ಲೀಚಿಂಗ್ ಪುಡಿ ಮೆಟ್ಟಿ, ಹೊಸ್ತಿಲ ಹೊರಗೇ ಕುಕ್ಕರಗಾಲಲ್ಲಿ ಕೂತರು. ಚೈತನ್ಯ ಒಳಗಿನಿಂದ ತುದಿಗಾಲಲ್ಲಿ ಬಂದಳು. ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಟೀಚರಮ್ಮನ ಕಿವಿಗೆ ಬಾಯಿ ಹಚ್ಚಿ ಪಿಸಪಿಸ ಶುರು ಮಾಡಿದಳು. ಯಾವ ತಟ್ಟೆಯಲ್ಲಿ ಎಷ್ಟು, ಯಾವುದು ಸೋಮಾರಿ, ಯಾವುದು ಎದ್ದು ಮೂತಿ ಆಡಿಸುತ್ತಿದೆ, ಎಲ್ಲ. ಎರಡು ವರ್ಷದ ಬಾಕಿ ಮಾತೆಲ್ಲ ಆ ಕಿವಿಗೆ ಸುರಿಯಿತು. ಟೀಚರಮ್ಮ ಕತ್ತು ಕೂಡ ಕದಲಿಸಲಿಲ್ಲ.

ಕೊನೆಗೆ ಮಗು ಕೇಳಿದ್ದು ನನಗೂ ಕೇಳಿಸಿತು. "ಮಿಸ್, ಸ್ಕೂಲಲ್ಲಿರೋ ಹುಳ ಯಾವಾಗ ಏಳ್ತವೆ?"

ಆ ನರ್ಸರಿ ಕೋಣೆ ಕಣ್ಣ ಮುಂದೆ ಬಂತು. ಬಾಗಿಲಲ್ಲಿ ಸಾಲಾಗಿ ಬಿಟ್ಟ ಚಪ್ಪಲಿ, ಕಾಲು ತೊಳೆಯುವ ನಲ್ಲಿ, ಹೊಸ್ತಿಲಿಗೆ ಎರಚಿದ ಬಿಳಿ ಪುಡಿ, ಫಿನಾಯಿಲು ವಾಸನೆ, ಎಲ್ಲರೂ ಕಣ್ಣು ಮುಚ್ಚಿ ನಿಲ್ಲುವ ಪ್ರಾರ್ಥನೆ. ಎರಡು ವರ್ಷ ಅದನ್ನೆಲ್ಲ ಬೆಂಚಿನ ಮೇಲೆ ಕೂತು ನೋಡಿದವಳು ನಾನೇ. ನನಗೆ ಹೊಳೆಯಲಿಲ್ಲ. ಮಗು ಅದೂ ಹುಳದ ಮನೆಯೇ ಅಂದುಕೊಂಡು, ಒಳಗೆಲ್ಲೋ ಮಲಗಿರುವ ಜೀವಗಳಿಗೆ ತೊಂದರೆಯಾಗದಿರಲಿ ಎಂದು ಬಾಯಿ ಕಟ್ಟಿಕೊಂಡು ಕೂತಿತ್ತು. ಬೇರೆ ಮಕ್ಕಳು ಕಿರುಚಿದಾಗಲೆಲ್ಲ ಅದರ ಜೀವ ಎಷ್ಟು ಒದ್ದಾಡಿತೋ.

ನಾನಾಗಿದ್ದರೆ, ಅಯ್ಯೋ ಪೆದ್ದಿ, ಅಲ್ಲಿ ಹುಳ ಎಲ್ಲಿವೆ ಎಂದು ನಕ್ಕುಬಿಡುತ್ತಿದ್ದೆ. ಟೀಚರಮ್ಮ ನಗಲಿಲ್ಲ. ತಾವೂ ಪಿಸುಗುಟ್ಟಿದರು. "ನಂಗೂ ಗೊತ್ತಾಗ್ತಿಲ್ಲ ಕಣಮ್ಮ. ನಾಳೆ ನೀನೇ ನೋಡಿ ಹೇಳ್ಬೇಕು."

ಮರುದಿನ ತಿಂಡಿ ಬೆಲ್ಲಿಗೆ ಮುಂಚೆ ಟೀಚರಮ್ಮ ಮಕ್ಕಳಿಗೆ, ನಾವೆಲ್ಲ ಈಗ ಹುಳ, ಜ್ವರಕ್ಕೆ ಕೂರೋಣ ಎಂದರು. ಎಲ್ಲರೂ ಚಾಪೆಯ ಮೇಲೆ ತಲೆ ಇಟ್ಟರು. ಟೀಚರಮ್ಮನೂ ಸೆರಗು ಹೊದ್ದು ಒರಗಿಬಿಟ್ಟರು. ಚೈತನ್ಯ ಒಬ್ಬಳೇ ಎದ್ದು ನಿಂತಳು. ಸಾಲು ಸಾಲಾಗಿ ಬಗ್ಗಿ ನೋಡುತ್ತ ಬಂದಳು, ಥೇಟ್ ನಮ್ಮ ಯಜಮಾನರ ಹಾಗೆ, ಕೈ ಹಿಂದೆ ಕಟ್ಟಿಕೊಂಡು. ಭೀಮರಾಜ್ ಎಂಬ ಹುಡುಗ ಕಿಸಕ್ಕೆಂದ. ಅವನ ತಲೆಯನ್ನು ಮೆಲ್ಲಗೆ ಒತ್ತಿ ಮಲಗಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಒಂದೊಂದೇ ತಲೆ ಎದ್ದವು. ಡಬ್ಬಿಗಳ ಕಡೆ ನೋಡಿದವು. ಬೆಲ್ಲೂ ಹೊಡೆಯಿತು. ಅವಳು ಕೂಗಲಿಲ್ಲ.

ಯಾಕೆಂದರೆ ಮೂಲೆಯಲ್ಲಿ ವಾಣಿಶ್ರೀ ಎಂಬ ಪುಟ್ಟ ಮಗು ನಿಜವಾಗಿಯೂ ನಿದ್ದೆ ಹೋಗಿತ್ತು.

ಪಕ್ಕದ ಕೋಣೆಯ ಮಕ್ಕಳು ತಿಂದು ಮುಗಿಸಿ ಅಂಗಳಕ್ಕೆ ಬಂದರು. ಇವರೇಕೆ ಹೊರಗೆ ಬರಲಿಲ್ಲ ಎಂದು ದೊಡ್ಡ ಸಿಸ್ಟರೇ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತರು. ಮಲಗಿದ್ದಲ್ಲಿಂದಲೇ ಟೀಚರಮ್ಮ ತುಟಿಯ ಮೇಲೆ ಬೆರಳಿಟ್ಟರು. ಸಿಸ್ಟರು ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ನಿಂತರು. ಹಸಿದ ಮಕ್ಕಳು, ಅಷ್ಟು ಜನ, ಒಂದು ಸದ್ದಿಲ್ಲ. ನಾನು ಕಿಟಕಿಯ ಸರಳು ಹಿಡಿದುಕೊಂಡಿದ್ದೆ. ನನ್ನ ಉಸಿರೇ ನನಗೆ ಗಟ್ಟಿಯಾಗಿ ಕೇಳುತ್ತಿತ್ತು. ದೇವಸ್ಥಾನದಲ್ಲಿ ಮಂಗಳಾರತಿಗೆ ಮುಂಚೆ ಪರದೆ ಎಳೆದಿರುತ್ತಾರಲ್ಲ, ಅಂಥ ಹೊತ್ತು.

ವಾಣಿಶ್ರೀ ಕಣ್ಣು ಬಿಟ್ಟಿತು. ಮೂತಿ ಉಜ್ಜಿಕೊಂಡು ಸುತ್ತ ನೋಡಿತು. ಚೈತನ್ಯ ಬಗ್ಗಿ ಅದರ ಮುಖ ಪರೀಕ್ಷೆ ಮಾಡಿದಳು. ಆಮೇಲೆ ಕೋಣೆಯ ನಡುವೆ ಬಂದು, ಎದೆ ಸೆಟೆಸಿ ಕೂಗಿದಳು.

"ಲೇಸಿನಾಯಿ. ಸೊಪ್ಪಾಕಿ."

ಅಂಗಳದ ಮರದಿಂದ ಗೊರವಂಕಗಳು ಎದ್ದು ಹಾರಿದವು. ಆ ಗಂಟಲಿನಲ್ಲಿ ಅಷ್ಟು ದೊಡ್ಡ ಶಬ್ದ ಇತ್ತು ಎಂದು ಆ ಕೋಣೆಯಲ್ಲಿ ಯಾರಿಗೆ ಗೊತ್ತಿತ್ತು? ಡಬ್ಬಿಗಳ ಮುಚ್ಚಳ ಒಟ್ಟಿಗೆ ಬಿಚ್ಚಿಕೊಂಡವು. ಟೀಚರಮ್ಮ ಎದ್ದು ಸೆರಗು ಕೊಡವಿ, ಏನೂ ಆಗದವರ ಹಾಗೆ ಭೀಮರಾಜನ ಡಬ್ಬಿಯ ಬಿಗಿ ಮುಚ್ಚಳ ತೆಗೆದುಕೊಟ್ಟರು. ನನ್ನ ಕಣ್ಣು ಮಂಜಾಗಿತ್ತು. ಗವಿಯ ಕಡೆ ತಿರುಗಿ ಕೈ ಮುಗಿದೆ. ಮುಗಿದದ್ದು ಮಾತೆಗೋ ಟೀಚರಮ್ಮನಿಗೋ, ನನಗೇ ಗೊತ್ತಿಲ್ಲ.

ಅವತ್ತಿನಿಂದ ಮಗು ಆ ಕೋಣೆಯಲ್ಲಿ ಮಾತಾಡಿತು. ಆದರೆ ಆ ಕೋಣೆಯಲ್ಲಿ ಮಾತ್ರ. ಮಾರ್ಚಿನಲ್ಲಿ ದೊಡ್ಡ ಸಿಸ್ಟರ ರೂಮಿಗೆ ಕರೆ ಬಂತು. ಮುನಿಕೃಷ್ಣನೂ ಬಂದಿದ್ದ. ಟೀಚರಮ್ಮನಿಗೆ ಕ್ಲಾಸು, ಜೊತೆಗೆ ಬರುವಂತಿರಲಿಲ್ಲ. ನಾವಿಬ್ಬರೂ ಬಾಗಿಲ ಹತ್ತಿರ ನಿಂತೆವು. ಚೈತನ್ಯ ಚಪ್ಪಲಿ ಬಿಟ್ಟು ಒಳಗೆ ಹೋದಳು. ಸಿಸ್ಟರು ಹೆಸರು ಕೇಳಿದರು. ಉತ್ತರ ಇಲ್ಲ. ಊರು ಕೇಳಿದರು. ಅದಕ್ಕೂ ಇಲ್ಲ. ಮಗು ಬೀರುವಿನ ಕಡೆ ನೋಡಿತು, ಮೇಜಿನ ಕೆಳಗೆ ಬಗ್ಗಿ ನೋಡಿತು. ಮುನಿಕೃಷ್ಣ ಉಸಿರು ಬಿಟ್ಟು ಗೋಡೆಗೆ ಒರಗಿದ.

ಆಮೇಲೆ ಪಿಸುಮಾತಿನಲ್ಲಿ ಮಗುವೇ ಕೇಳಿತು. "ಇಲ್ಲಿ ಎದ್ದವಾ?"

ಗೋಡೆಗೆ ಒರಗಿ ನಿಂತು ಅವತ್ತು ಎಲ್ಲ ನೋಡಿ, ಆಮೇಲೆ ಟೀಚರಮ್ಮನಿಂದ ಹುಳದ ಕಥೆ ಕೇಳಿದ್ದರಲ್ಲ ಸಿಸ್ಟರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎದ್ದವೆ ಕಣಮ್ಮ. ಬೆಳಿಗ್ಗೇನೇ ಎಲ್ಲಾ ಎದ್ದವೆ."

"ನನ್ನ ಹೆಸರು ಚೈತನ್ಯ. ಅಪ್ಪ ಮುನಿಕೃಷ್ಣ, ಅಮ್ಮ ಅನಿತ. ಅವ್ವ ಅಕ್ಕಯಮ್ಮ, ಹೊರಗಡೆ ನಿಂತವ್ರೆ. ಊರು ಸುಗಟೂರು." ಆಫೀಸಿನ ಗುಮಾಸ್ತರು ಆಚೆ ಕೋಣೆಯಿಂದ ತಲೆ ಹಾಕಿ ನೋಡಿದರು. ಸಿಸ್ಟರು ಜೂನ್ ತಿಂಗಳಿಗೆ ಒಂದನೇ ತರಗತಿಗೆ ಕಳಿಸಿ ಎಂದಾಗ ಮುನಿಕೃಷ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಬಿಸಿಲು ಜಾಸ್ತಿ ಎಂದ. ನಾವು ನಿಂತಿದ್ದದ್ದು ನೆರಳಿನಲ್ಲಿ.

ಟೀಚರಮ್ಮನಿಗೆ ಹೇಳೋಣವೆಂದು ನರ್ಸರಿಯ ಕಡೆ ಓಡಿದಂತೆ ಬಂದೆವು. ಕಿಟಕಿಯಲ್ಲಿ ಇಣುಕಿದರೆ ಮಕ್ಕಳೆಲ್ಲ ಚಾಪೆಯ ಮೇಲೆ ತಲೆ ಇಟ್ಟಿದ್ದಾರೆ. ತಿಂಡಿಗೆ ಮುಂಚೆ ಜ್ವರಕ್ಕೆ ಕೂರುವುದು ಈಗ ಅಲ್ಲಿ ದಿನದ ರೂಢಿ. ನೋಡಿ ಕೂಗುವ ಪಾಳಿ ಅವತ್ತು ವಾಣಿಶ್ರೀಯದು. ಟೀಚರಮ್ಮ ಮಲಗಿದ್ದಲ್ಲಿಂದಲೇ ನಮ್ಮನ್ನು ಕಂಡು ಹುಬ್ಬು ಎತ್ತಿದರು. ಚೈತನ್ಯ ತಲೆ ಆಡಿಸಿದಳು. ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಮುನಿಕೃಷ್ಣ ಏನೋ ಹೇಳಲು ಬಾಯಿ ತೆರೆದ; ಮಗಳು ತುಟಿಯ ಮೇಲೆ ಬೆರಳಿಟ್ಟು ಅವನನ್ನು ದುರುಗುಟ್ಟಿ ನೋಡಿದಳು. ಕಲ್ಲುಬೆಂಚಿನ ಮುಂದೆ ಅವಳು ತುದಿಗಾಲಲ್ಲಿ ನಡೆದಳು. ಅವಳ ಹಿಂದೆ ಅವಳಪ್ಪ. ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೆ.